ತಿಳಿವಳಿಕೆ ಇಲ್ಲದ ಔಷಧದಾನ

ಶ್ರವಣಬೆಳಗೊಳದ ಹೊಯ್ಸಳರ ಕಾಲದ ಶಾಸನಗಳು ದಾನಿಗಳನ್ನು ಹೊಗಳುವಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತವೆ. ಆಹಾರ, ಅಭಯ, ಔಷಧ, ಶಾಸ್ತ್ರ, ಈ ನಾಲ್ಕನ್ನು ಕೊಡುವುದರಲ್ಲಿ ಸಂತೋಷ ಕಂಡವರು ಇವರು ಎಂಬುದೇ ಆ ಹೊಗಳಿಕೆ. ಜೈನ ಧರ್ಮದ ಈ ಚತುರ್ವಿಧ ದಾನದಲ್ಲಿ ಔಷಧ ಒಂಟಿಯಾಗಿ ನಿಂತಿಲ್ಲ. ಅದರ ಜೊತೆಗೆ ಅಭಯವಿದೆ, ಶಾಸ್ತ್ರವೆಂಬ ತಿಳಿವಳಿಕೆಯಿದೆ. ಶ್ರವಣಬೆಳಗೊಳ ಇರುವ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳವರೆಗೂ ಇಂದು ಮಾತ್ರೆ ತಲುಪುತ್ತದೆ. ಆದರೆ ಅದು ಯಾವ ಮಾತ್ರೆ, ಯಾಕೆ, ಎಷ್ಟು ದಿನ, ಮೈಗೆ ಆಗದಿದ್ದರೆ ಯಾರಿಗೆ ಹೇಳಬೇಕು ಎಂಬುದು ಅದನ್ನು ನುಂಗುವ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಬಡವರಿಗೆ ಪುಕ್ಕಟೆಯಾಗಿ ಸಿಗುವ ಮದ್ದು ದಾನವೋ, ಹಕ್ಕೋ? ಅದನ್ನು ದಾನವೆಂದೇ ಒಪ್ಪಿಕೊಂಡರೂ, ಪ್ರಶ್ನೆ ಕೇಳುವ ಅಧಿಕಾರ ಪಡೆದವರಿಗೆ ಇದ್ದೇ ಇರುತ್ತದೆ, ಏಕೆಂದರೆ ದಾನದ ಧರ್ಮವೇ ಅದನ್ನು ಕೊಟ್ಟಿದೆ ಎಂಬುದು ನನ್ನ ವಾದ.

ಈ ಪ್ರಶ್ನೆ ಬರೀ ತತ್ವದ್ದಲ್ಲ, ಕಾನೂನಿನೊಳಗೂ ಕೂತಿದೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಗೆ ತಂದಿತು. ಆದರೆ ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ರೋಗಿಗಳ ಸನ್ನದನ್ನು ಸೇರಿಸಿತು. ಆ ಕಾಯ್ದೆಯೂ ಖಾಸಗಿಯವರಿಗೆ ಮಾತ್ರ. ಹಣ ಕೊಟ್ಟವರಿಗೆ ಕೇಳುವ ದಾರಿಯಿದೆ, ಪುಕ್ಕಟೆ ಪಡೆದವರಿಗೆ ಆ ದಾರಿ ಕಿರಿದು. ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಕರ್ತವ್ಯವೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. ಆದರೂ ಸಾಹುಕಾರರು ಕೊಡಿಸಿದ ಮದ್ದು, ಸರ್ಕಾರ ಕೊಟ್ಟ ಮಾತ್ರೆ ಎಂಬ ಕೃತಜ್ಞತೆಯ ಭಾಷೆ ಹೋಗಿಲ್ಲ. ಕೃತಜ್ಞತೆ ಒಳ್ಳೆಯ ಗುಣವೇ. ಅದು ಬಾಯಿ ಕಟ್ಟುವ ಹಗ್ಗವಾಗಬಾರದು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುವ ಲೋಕರೂಢಿ ನಮ್ಮಲ್ಲಿದೆ. ಕಠೋಪನಿಷತ್ತು ಶುರುವಾಗುವುದೇ ಈ ರೂಢಿಗೆ ವಿರುದ್ಧವಾಗಿ. ತಂದೆ ಯಜ್ಞದಲ್ಲಿ ಮುದಿಯಾದ, ಹಾಲು ಬತ್ತಿದ ಹಸುಗಳನ್ನು ದಾನ ಕೊಡುವುದನ್ನು ಕಂಡ ಬಾಲಕ ನಚಿಕೇತನಿಗೆ, ಇಂಥ ದಾನ ಕೊಟ್ಟವನಿಗೆ ಸುಖವಿಲ್ಲದ ಲೋಕವೇ ಗತಿ ಎನಿಸುತ್ತದೆ. ಸತ್ವವಿಲ್ಲದ್ದನ್ನು ಕೊಟ್ಟರೆ ಪಾಪ ಕೊಟ್ಟವನದು, ಅದನ್ನು ಎತ್ತಿ ತೋರಿಸುವುದು ಶ್ರದ್ಧೆಯ ಕೆಲಸ ಎಂಬ ಈ ವಿಚಾರವನ್ನು ನಮ್ಮ ರಾಜ್ಯದ ಇತ್ತೀಚಿನ ಒಂದು ದುರಂತದ ಎದುರು ಇಟ್ಟು ನೋಡಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸತ್ತವರು ಐವರು. ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಸಂಶಯ ಬಿತ್ತು. ಅದನ್ನು ತಯಾರಿಸಿದ ಕಂಪನಿ ಪೂರೈಸಿದ ದ್ರಾವಣದ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಸೋತಿದ್ದವು. ಕೇಂದ್ರದ ಪ್ರಯೋಗಾಲಯದ ವರದಿ ಬೇರೆಯೇ ಹೇಳಿತ್ತು. ಸಾವುಗಳಾದ ಮೇಲೆ ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಎರಡು ಪ್ರಯೋಗಾಲಯಗಳ ನಡುವೆ ತಕರಾರಿರುವ ಬಾಟಲಿ ಇದು ಎಂದು ಹಾಸಿಗೆಯಲ್ಲಿ ಮಲಗಿದ ತಾಯಿಗೆ ತಿಳಿಸುವ ಏರ್ಪಾಡೇ ನಮ್ಮಲ್ಲಿಲ್ಲ. ಆ ವಿಷಯ ಕಡತದಲ್ಲಿ ಉಳಿಯಿತು, ಮದ್ದು ಮಾತ್ರ ನರಕ್ಕೆ ಹೋಯಿತು.

ತಿಳಿವಳಿಕೆ ಔಷಧದ ಮೇಲಿನ ಅಲಂಕಾರವಲ್ಲ, ಔಷಧದ ಒಂದು ಭಾಗವೇ ಎಂಬುದಕ್ಕೆ ಮಲೆನಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಲಸಿಕೆ ಹಾಕಲಾಯಿತು. ಈ ಕಾಯಿಲೆ ಸಕಲೇಶಪುರದ ನೆರೆಯ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡಿದೆ. ಶಿವಮೊಗ್ಗ ಜಿಲ್ಲೆಯಲ್ಲಿ 2005ರಿಂದ 2010ರವರೆಗಿನ ಅಂಕಿಅಂಶ ಹಿಡಿದು ನಡೆದ ಅಧ್ಯಯನದಲ್ಲಿ ಕಂಡದ್ದು ಇದು: ಒಂದೇ ಸಲ ಹಾಕಿಸಿಕೊಂಡವರಿಗೆ ರಕ್ಷಣೆ ಸಿಗಲಿಲ್ಲ, ಎರಡು ಸಲ ಹಾಕಿಸಿಕೊಂಡವರಿಗೆ ಸುಮಾರು ಶೇ 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು ಶೇ 83 ರಕ್ಷಣೆ ಸಿಕ್ಕಿತು. ಹಾಗಾದರೆ ನೋವಿನ ಒಂದು ಸೂಜಿ ಚುಚ್ಚಿಸಿಕೊಂಡು, ಇನ್ನು ಭಯವಿಲ್ಲವೆಂದು ಕಾಡಿಗೆ ದರಗು ತರಲು ಹೋದವರಿಗೆ ಸಿಕ್ಕಿದ್ದು ಸುಳ್ಳು ಧೈರ್ಯ. ಎಷ್ಟು ಸಲ ಹಾಕಿಸಿಕೊಳ್ಳಬೇಕು, ಅದಾದ ಮೇಲೂ ಎಷ್ಟು ಅಪಾಯ ಉಳಿಯುತ್ತದೆ ಎಂಬ ತಿಳಿವಳಿಕೆ ಜೊತೆಗಿಲ್ಲದ ಲಸಿಕೆ ಅರ್ಧ ಲಸಿಕೆ. ಪರಿಣಾಮ ಸಾಲದೆಂದು ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಲ್ಲಿಯವರೆಗೆ ಅದಕ್ಕೆ ತೋಳು ಒಡ್ಡಿದ ಪ್ರತಿಯೊಬ್ಬರಿಗೂ ಅದರ ಬಲ ಎಷ್ಟು, ಮಿತಿ ಎಷ್ಟು ಎಂದು ತಿಳಿಯುವ ಹಕ್ಕಿತ್ತು.

ಅಭಯದ ಮಾತಿಗೆ ಹಾಸನ ಜಿಲ್ಲೆಯೇ ಉದಾಹರಣೆ. 2025ರ ಜೂನ್ ಮತ್ತು ಜುಲೈಯಲ್ಲಿ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬಂತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು, ಕೋವಿಡ್ ಲಸಿಕೆಯ ಮೇಲೆ ಅನುಮಾನ ಹಬ್ಬಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜವಾದ ಏರಿಕೆಯೇನೂ ಇಲ್ಲವೆಂದು ಹೇಳಿತು. ಆದರೆ ವರದಿ ಬರುವ ಮೊದಲೇ ಭಯ ಮನೆಮನೆ ಹೊಕ್ಕಿತ್ತು. ಕಾಯಿಲೆಯ ಬಗ್ಗೆ, ತಾನು ತೆಗೆದುಕೊಂಡ ಮದ್ದಿನ ಬಗ್ಗೆ ಮೊದಲಿನಿಂದಲೂ ತಿಳಿದಿದ್ದರೆ ವದಂತಿ ಬಂದಾಗ ಜನ ಅದನ್ನು ಅಳೆದು ನೋಡಬಲ್ಲರು. ಏನೂ ತಿಳಿಯದವರಿಗೆ ಪ್ರತಿ ವದಂತಿಯೂ ನಿಜವಾಗಿ ಕಾಣುತ್ತದೆ. ಹೆದರಬೇಡಿ ಎಂದು ಹೇಳಿದ ಮಾತ್ರಕ್ಕೆ ಅಭಯ ಸಿಗುವುದಿಲ್ಲ. ಹೆದರಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಬಿಡಿಸಿ ಹೇಳಿದಾಗ ಸಿಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಶ್ರದ್ಧೆಯ ಕಡೆಯಿಂದ. ವೈದ್ಯನೇ ನಾರಾಯಣ, ಡಾಕ್ಟರ ಕೈಗುಣದಿಂದಲೇ ಅರ್ಧ ಕಾಯಿಲೆ ವಾಸಿ. ಪ್ರಶ್ನೆ ಹಾಕಿದರೆ ಆ ನಂಬಿಕೆ ಒಡೆಯುತ್ತದೆ ಎನ್ನುತ್ತಾರೆ. ನಂಬಿಕೆಗೆ ಗುಣಪಡಿಸುವ ಶಕ್ತಿಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮದೇ ವೈದ್ಯ ಪರಂಪರೆ ರೋಗಿಯನ್ನು ಬರೀ ಭಕ್ತನನ್ನಾಗಿ ಕಂಡಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯಲ್ಲಿ ಇರಬೇಕಾದ ಗುಣಗಳಲ್ಲಿ ಹೇಳಿದಂತೆ ನಡೆಯುವುದೂ ಒಂದು, ನಿಜ. ಅದರ ಜೊತೆಗೇ ನೆನಪಿನ ಶಕ್ತಿ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಸಾಮರ್ಥ್ಯವೂ ಇವೆ. ಭಯವಿಲ್ಲದೆ ಬಾಯಿ ಬಿಟ್ಟು ಹೇಳುವ ರೋಗಿ ಇಲ್ಲದಿದ್ದರೆ ಚಿಕಿತ್ಸೆಗೆ ಒಂದು ಕಾಲೇ ಇಲ್ಲ. ಮಾತ್ರೆ ನುಂಗಿದ ಮೇಲೆ ಮೈಯಲ್ಲಿ ಗಂಧೆ ಎದ್ದದ್ದನ್ನು ಹೇಳಲು ಹಿಂಜರಿಯುವವರ ಮೌನವನ್ನು ನಂಬಿಕೆ ಎಂದು ಕರೆಯಬಾರದು.

ಎರಡನೆಯ ಆಕ್ಷೇಪ ವ್ಯವಹಾರದ್ದು. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯಲ್ಲೋ ಆಲೂರಿನ ಆಸ್ಪತ್ರೆಯಲ್ಲೋ ಸಾಲು ಉದ್ದವಿದೆ, ಡಾಕ್ಟರಿಗೆ ಸಮಯವಿಲ್ಲ. ಅಸ್ಸಾಮಿನಿಂದ, ತಮಿಳುನಾಡಿನಿಂದ ಬಂದ ತೋಟದ ಕೆಲಸಗಾರರಿಗೆ ಭಾಷೆಯೇ ತೊಡಕು. ಅಡ್ಡ ಪರಿಣಾಮ ಹೇಳಿದರೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಸಮಯದ ಕಷ್ಟ ನಿಜ. ಆದರೆ ಎಲ್ಲವನ್ನೂ ಡಾಕ್ಟರೇ ಹೇಳಬೇಕಿಲ್ಲ. ಮದ್ದು ಕೊಡುವ ಫಾರ್ಮಸಿಸ್ಟ್, ಸೂಜಿ ಹಾಕುವ ನರ್ಸ್, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಹೇಳಬಹುದು. ಮಾತ್ರೆಯ ಕವರಿನ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆದು ಹೊತ್ತು ತೋರಿಸಬಹುದು. ಮಾತ್ರೆ ಬಿಡುತ್ತಾರೆಂಬ ಭಯಕ್ಕೂ ಉತ್ತರವಿದೆ. ಬಿಪಿ ಮಾತ್ರೆಯನ್ನು ಮೈ ಹಗುರವಾದ ಕೂಡಲೇ ಬಿಡುವವರಿಗೆ ಅದು ದಿನವೂ ಯಾಕೆ ಬೇಕೆಂಬುದೇ ಮನವರಿಕೆಯಾಗಿರುವುದಿಲ್ಲ. ಹೇಳಿದ್ದರಿಂದ ಬಿಟ್ಟವರೂ ಇರಬಹುದು, ಹೇಳದೇ ಇದ್ದುದರಿಂದ ಬಿಟ್ಟವರು ಕಡಿಮೆಯೇನಲ್ಲ. ಯಾರೋ ತಪ್ಪು ನಿರ್ಧಾರ ಮಾಡಿಯಾರು ಎಂಬ ಕಾರಣಕ್ಕೆ ಎಲ್ಲರನ್ನೂ ಕತ್ತಲಲ್ಲಿಡುವುದು ನ್ಯಾಯವಲ್ಲ.

ಕೊನೆಗೆ ಉಳಿಯುವುದು ಹಣೆಬರಹದ ಮಾತು. ಆಯುಸ್ಸು ಮುಗಿದಿತ್ತು, ಮದ್ದು ನೆಪವಾಯಿತು ಎಂದು ದುಃಖದಲ್ಲಿರುವ ಮನೆಯವರು ಹೇಳಿಕೊಂಡರೆ ಅದು ಸಮಾಧಾನ. ಅದೇ ಮಾತನ್ನು ವ್ಯವಸ್ಥೆ ಹೇಳಿದರೆ ಅಧರ್ಮ. ಕರ್ಮ ಸಿದ್ಧಾಂತದ ಮೊದಲ ಪಾಠವೇ ಕ್ರಿಯೆಗೆ ಕರ್ತೃ ಇದ್ದಾನೆ ಎಂಬುದು. ಮದ್ದು ತಯಾರಿಸಿದ್ದು, ಪರೀಕ್ಷಿಸಿದ್ದು, ಕೊಂಡದ್ದು, ಸಂಶಯವಿದ್ದರೂ ಹಂಚಿದ್ದು ಇವೆಲ್ಲ ಮನುಷ್ಯರು ಮಾಡಿದ ಕ್ರಿಯೆಗಳು. ಅವುಗಳ ಫಲವನ್ನು ಬಾಣಂತಿಯ ಪೂರ್ವಜನ್ಮದ ಲೆಕ್ಕಕ್ಕೆ ಬರೆಯುವುದು ಕರ್ಮ ಸಿದ್ಧಾಂತಕ್ಕೇ ಮಾಡುವ ದ್ರೋಹ. ಆದ್ದರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಗುಣಮಟ್ಟದಲ್ಲಿ ಸೋತ ಬ್ಯಾಚಿನ ಸುದ್ದಿ ಅದೇ ದಿನ ಪ್ರತಿ ಆಸ್ಪತ್ರೆಯ ಬೋರ್ಡಿನ ಮೇಲೆ ಕನ್ನಡದಲ್ಲಿ ಬರಲಿ. ಸರ್ಕಾರಿ ಆಸ್ಪತ್ರೆಯ ರೋಗಿಗೂ ಖಾಸಗಿಯವರಿಗಿರುವಷ್ಟೇ ಬಲದ ಸನ್ನದು ಇರಲಿ. ಮದ್ದು ಕೊಡುವ ಕೈ ಅದರ ಹೆಸರನ್ನೂ ಉದ್ದೇಶವನ್ನೂ ಹೇಳಿಯೇ ಕೊಡಲಿ. ಇಷ್ಟು ಮಾಡಿದ ಸರ್ಕಾರ, ಇಷ್ಟು ಮಾಡಿದ ತೋಟದ ಮಾಲೀಕರು ತಾವು ಔಷಧದಾನ ಮಾಡಿದೆವೆಂದು ಹೇಳಿಕೊಳ್ಳಲಿ, ಒಪ್ಪೋಣ. ಮಾಡದವರಿಗೆ ಆ ಪುಣ್ಯದ ಹೆಸರು ಸಲ್ಲದು.