ಹೆಸರಿಲ್ಲದ ಕಾಗದ

ಹೆಸರು ಹಿಡಿದು ಕರೀರಿ ಅಂತ ಊರಿನೊಂದಿಗೆ ಜಗಳ ಆಡಿದವರು ನಾವು. ಚಿಕ್ಕಂದಿನಲ್ಲಿ ಮೈಮೇಲೆ ನಡೆದ ದೌರ್ಜನ್ಯವನ್ನು ಹೆಸರು ಮುಚ್ಚಿ ಹೇಳಿಕೊಳ್ಳುವವರನ್ನು ಹೇಡಿಗಳು ಅನ್ನೋಣವೇ?

ಆಂಡರ್ಸನ್‌ಪೇಟೆ ಸುತ್ತಲ ಗಣಿ ಲೈನುಗಳಲ್ಲಿ ಗೋಡೆಗೆ ಗೋಡೆ ಅಂಟಿದೆ. ಹೆಸರು ಬಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಮಾನ ಹೋಯ್ತು ಅನ್ನೋದು ಮಾತ್ರ ಮಗುವಿಗೆ, ಚಿಕ್ಕಪ್ಪನಿಗೋ ಮೇಷ್ಟ್ರಿಗೋ ಅಲ್ಲ. 2007ರ ಕೇಂದ್ರ ಸರ್ಕಾರದ ಅಧ್ಯಯನ 12,447 ಮಕ್ಕಳನ್ನು ಮಾತಾಡಿಸಿತು. ನೂರಕ್ಕೆ 53 ಮಂದಿ ಲೈಂಗಿಕ ದೌರ್ಜನ್ಯ ಹೇಳಿದರು, ಗಂಡುಹುಡುಗರೂ ಸೇರಿ. ಹೆಚ್ಚಿನವರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಹೆಸರು ಕೇಳಿ ಬರೆದುಕೊಂಡಿದ್ದರೆ ಬಿಡುತ್ತಿದ್ದರೇ?

ಒಂದು ಕಾಗದಕ್ಕೆ ಇನ್ನೊಬ್ಬರು ‘ನನಗೂ ಹೀಗೇ ಆಗಿತ್ತು’ ಅಂತ ಬರೆದಾಗ, ತಪ್ಪು ನನ್ನದಲ್ಲ ಅನ್ನೋದು ಮೊದಲ ಸಲ ಒಳಕ್ಕಿಳಿಯುತ್ತೆ. ಹಾಗಾದರೆ ಮಾಡಿದವನೂ ಅದೇ ಮರೆಯಲ್ಲಿ ಉಳಿದನಲ್ಲ, ಅಂತೀರಿ. 2012ರ ಪೋಕ್ಸೋ ಕಾಯ್ದೆ ಕೋರ್ಟಿನ ಅಪ್ಪಣೆಯಿಲ್ಲದೆ ಮಗುವಿನ ಹೆಸರು, ಶಾಲೆ, ಬೀದಿ ಅಚ್ಚಿಸಬೇಡಿ ಅನ್ನುತ್ತೆ. ಗೊತ್ತಿದ್ದವರು ಪೊಲೀಸಿಗೆ ತಿಳಿಸಲೇಬೇಕು ಅಂತಲೂ ಅನ್ನುತ್ತೆ. ಮೇಷ್ಟ್ರೇ, ಆ ಎರಡನೇ ಸಾಲು ನಿಮಗೂ ನಮಗೂ ಬರೆದದ್ದು.