ನಚಿಕೇತ ಮೊದಲು ಬೇಡಿದ್ದು

ಮಹಾಲಯ ಅಮಾವಾಸ್ಯೆ ಬಂತೆಂದರೆ ಮಂಡ್ಯ, ಮೈಸೂರು, ಹಾಸನದ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯ ಮೇಲಿನ ಪಟವನ್ನು ಇಳಿಸಿ, ಒರೆಸಿ, ಹೂ ಮುಡಿಸುತ್ತಾರೆ. ಮುಂದೆ ಬಾಳೆಲೆ, ಮಡಿಸಿಟ್ಟ ಹೊಸ ಪಂಚೆ, ಸೀರೆ, ಎಲೆಅಡಿಕೆ. ಬೀಡಿ ಸೇದುತ್ತಿದ್ದ ತಾತನಿಗೆ ಬೀಡಿ ಕಟ್ಟು ಇಡುವುದನ್ನು ಮರೆಯುವುದಿಲ್ಲ. ಬಾಡೂಟದ ಮನೆಯಾದರೆ ಅವರು ಮೆಚ್ಚಿ ಉಣ್ಣುತ್ತಿದ್ದ ಸಾರನ್ನೇ ಮಾಡುತ್ತಾರೆ. ಎಡೆಯಾಗುವ ತನಕ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಆಮೇಲೆ ಬಾಗಿಲು ಮುಂದಕ್ಕೆಳೆದು, ಹಿರಿಯರು ಉಣ್ಣಲಿ ಎಂದು ತುಸು ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಪಿಂಡವಿಟ್ಟು ಕಾಗೆಯ ದಾರಿ ಕಾಯುತ್ತಾರೆ. ಹಾಗೆ ಕಾದು ನಿಂತವರನ್ನು, ಸತ್ತ ಮೇಲೂ ಬದುಕಿದೆ ಎಂದು ನಂಬುತ್ತೀರಾ ಎಂದು ಕೇಳಿ ನೋಡಿ. 'ಹೋದವರು ಯಾರು ತಿರುಗಿ ಬಂದು ಹೇಳಿದ್ದಾರೆ?' ಎನ್ನುವವರೇ ಬಹಳ. ಬಾಯಲ್ಲಿ ಸಂಶಯ, ಕೈಯಲ್ಲಿ ಎಡೆ. ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇವೆ. ಇದ್ದಾಗ ವಿಚಾರಿಸದವರು ಸತ್ತ ಮೇಲೆ ಹೋಳಿಗೆ ಬಡಿಸುತ್ತಾರೆ ಎಂದು ಹಂಗಿಸುವವರೂ ಇದ್ದಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ಮಾಡಬೇಕೆಂದುಕೊಂಡು ಮಾಡಲಾಗದೆ ಉಳಿದುಹೋದ ಪ್ರೀತಿಯೂ ಎಷ್ಟೋ ಎಲೆಗಳ ಮೇಲೆ ಇರುತ್ತದೆ.

ಸತ್ತ ಮೇಲೆ ಏನು ಎಂಬ ಪ್ರಶ್ನೆಗೆ ಈ ನೆಲದಲ್ಲಿ ಒಂದೇ ಉತ್ತರ ಎಂದೂ ಇರಲಿಲ್ಲ. ಊರಂಚಿನ ಎಷ್ಟೋ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವ ನೋಟ, ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು ಕುಳಿತ ಕೈಲಾಸ. ಅಕ್ಷರ ಬಾರದವರಿಗೂ ತಿಳಿಯುವ ಹಾಗೆ ಕಲ್ಲುಕುಟಿಗ ಸ್ವರ್ಗದ ದಾರಿಯನ್ನು ಕೆತ್ತಿಟ್ಟಿದ್ದಾನೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರನ್ನು ನೆನೆಯುತ್ತವೆ. ಶರಣರು ಸ್ವರ್ಗ ನರಕಗಳನ್ನು ಇಲ್ಲಿನ ನಡೆನುಡಿಯಲ್ಲೇ ಕಂಡರು. ದೇಹದೊಡನೆ ಎಲ್ಲ ಮುಗಿಯಿತು ಎಂದ ಚಾರ್ವಾಕರೂ ನಮ್ಮವರೇ. ಪಕ್ಕದ ಮನೆಯ ಮುಸ್ಲಿಮರು, ಕ್ರೈಸ್ತರು ಮರುಜನ್ಮವನ್ನಲ್ಲ, ಕೊನೆಯ ತೀರ್ಪಿನ ದಿನವನ್ನು ನಂಬಿದ್ದಾರೆ.

ಈ ಪ್ರಶ್ನೆಯನ್ನು ಯಮನ ಬಾಗಿಲಿಗೇ ಒಯ್ದ ಹುಡುಗನ ಕಥೆ ಕಠೋಪನಿಷತ್ತಿನಲ್ಲಿದೆ. ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನಕ್ಕೆ ಹೊಡೆಯುವುದನ್ನು ನೋಡಿ ನಚಿಕೇತನ ಮನಸ್ಸಿಗೆ ಕಸಿವಿಸಿಯಾಯಿತು. 'ನನ್ನನ್ನು ಯಾರಿಗೆ ಕೊಡುತ್ತೀಯಪ್ಪಾ?' ಎಂದು ಮತ್ತೆ ಮತ್ತೆ ಕೇಳಿದ. ರೇಗಿದ ತಂದೆ, 'ಯಮನಿಗೆ' ಎಂದುಬಿಟ್ಟ. ಹುಡುಗ ಹೊರಟೇಹೋದ. ಯಮ ಮನೆಯಲ್ಲಿರಲಿಲ್ಲ, 3 ರಾತ್ರಿ ಅನ್ನವಿಲ್ಲದೆ ಕಾದ ಅತಿಥಿಗೆ, ಬಂದ ಮೇಲೆ 3 ವರಗಳನ್ನು ಕೊಟ್ಟ. ಉಪನಿಷತ್ತಿನ ಕೀರ್ತಿಯೆಲ್ಲ ಮೂರನೆಯ ವರದ ಮೇಲೆ ನಿಂತಿದೆ. ಸತ್ತ ಮೇಲೆ ಮನುಷ್ಯ ಇರುತ್ತಾನೆ ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ, ಯಾವುದು ನಿಜ? ಆನೆ, ಕುದುರೆ, ಚಿನ್ನ, ಬೇಕಾದಷ್ಟು ಆಯುಸ್ಸು ಕೊಡುತ್ತೇನೆ, ಇದೊಂದನ್ನು ಬಿಡು, ದೇವತೆಗಳಿಗೂ ಇದರಲ್ಲಿ ಸಂಶಯವಿದೆ ಎಂದು ಸ್ವತಃ ಯಮನೇ ತಪ್ಪಿಸಿಕೊಳ್ಳಲು ನೋಡುತ್ತಾನೆ. ಆದರೆ ನಾನು ಪ್ರತಿ ಸಲವೂ ನಿಲ್ಲುವುದು ಮೊದಲನೆಯ ವರದ ಹತ್ತಿರ. ಸಾವಿನ ಮನೆಯಲ್ಲಿ ನಿಂತ ಆ ಹುಡುಗ ಮೊದಲು ಬೇಡಿದ್ದು ಅಪ್ಪನ ಸಿಟ್ಟು ಇಳಿಯಲಿ, ಅವನ ಮನಸ್ಸು ಶಾಂತವಾಗಲಿ ಎಂದು. ಅವನು ಇನ್ನು ರಾತ್ರಿ ಸುಖವಾಗಿ ನಿದ್ರೆ ಮಾಡುತ್ತಾನೆ ಎಂದು ಯಮ ಮಾತು ಕೊಟ್ಟ. ಪರಲೋಕದ ವಿಚಾರ ಆಮೇಲೆ ಬಂತು.

ನಾವು ಗೃಹಸ್ಥರು. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬರಿಯ ಜಿಜ್ಞಾಸೆಯಾಗಿ ಉಳಿಯದೆ, ಕೂಡಲೇ ಉತ್ತರ ಕೇಳುವ ಒಂದು ಗಳಿಗೆ ಬರುತ್ತದೆ. ಹಿರಿಯರೊಬ್ಬರು ಕಣ್ಣು ಮುಚ್ಚಿದ್ದಾರೆ, ನೇತ್ರದಾನ ಮಾಡೋಣವೇ ಎಂದು ಯಾರೋ ಮೆಲ್ಲನೆ ಕೇಳುತ್ತಾರೆ. ಆಗ ಮೂಲೆಯಿಂದ ಒಂದು ದನಿ: 'ಬೇಡಪ್ಪ, ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ.' ಈ ಮಾತನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಿರುವುದು ಹೋದವರ ಮುಂದಿನ ಬದುಕಿನ ಬಗೆಗಿನ ಕಾಳಜಿ. ಅದಕ್ಕೆ ಉತ್ತರವನ್ನೂ ಆ ನಂಬಿಕೆಯೊಳಗಿನಿಂದಲೇ ಕೊಡಬೇಕು. ಜೀವ ದೇಹವನ್ನು ಹಳೆಯ ಬಟ್ಟೆಯಂತೆ ಕಳಚಿ ಹೊಸದನ್ನು ತೊಡುತ್ತದೆ ಎನ್ನುತ್ತದೆ ಗೀತೆ. ಹಾಗಿದ್ದರೆ ಬಿಟ್ಟುಹೋದ ಬಟ್ಟೆಯ ಅಂಚನ್ನು ಇನ್ನೊಬ್ಬರ ಉಪಯೋಗಕ್ಕೆ ಕತ್ತರಿಸಿ ಕೊಟ್ಟರೆ ಹೊಸ ಬಟ್ಟೆ ಹೇಗೆ ಹರಿದೀತು? ವಜ್ರಾಯುಧಕ್ಕೆಂದು ಬೆನ್ನೆಲುಬನ್ನೇ ಕೊಟ್ಟ ದಧೀಚಿಯನ್ನು ನಾವು ಇಂದಿಗೂ ಕೈಮುಗಿದು ನೆನೆಯುತ್ತೇವಲ್ಲವೇ? ತರ್ಪಣದ ಕೊನೆಯಲ್ಲಿ, ತಾಯಿ ತಂದೆ ಬಂಧುಗಳು ಯಾರೂ ಇಲ್ಲದವರಿಗೂ ತೃಪ್ತಿಯಾಗಲಿ ಎಂದು ನೀರು ಬಿಡುವ ಕ್ರಮವಿದೆ. ಹೆಸರು, ಗೋತ್ರ ತಿಳಿಯದವರಿಗೂ ಪಾಲು ಕೊಡುವುದನ್ನು ಹಿರಿಯರು ಕರ್ಮದೊಳಗೇ ಸೇರಿಸಿದ್ದಾರೆ. ದಾನದ ಕಣ್ಣು ಸೇರುವುದೂ ನಾವು ಹೆಸರರಿಯದ ಒಬ್ಬರಿಗೆ. ಮುಂದೆ ಏನೂ ಇಲ್ಲ ಎನ್ನುವವರಿಗಂತೂ ಇಲ್ಲಿ ಅಡ್ಡಿಯೇ ಇಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗ, ಕಾರ್ನಿಯಾದ ಮುಂಭಾಗ ಹಿಂಭಾಗಗಳನ್ನು ಬೇರ್ಪಡಿಸಿ ಕಸಿ ಮಾಡಿದ್ದರಿಂದ 2 ಕಣ್ಣುಗಳು 4 ಜನರಿಗೆ ನೋಟ ಕೊಟ್ಟವು. ಆಮೇಲಿನ ತಿಂಗಳುಗಳಲ್ಲಿ ನಾಡಿನ ಉದ್ದಗಲಕ್ಕೂ ಜನ ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು.

ಹೆಸರು ಬರೆಸಿದರೆ ಅರ್ಧ ಕೆಲಸ ಆಯಿತು, ಅಷ್ಟೆ. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಟ್ಟು, ಫ್ಯಾನ್ ಆರಿಸಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ, ಸುಡುವುದಾಗಲಿ ಹೂಳುವುದಾಗಲಿ ತಡವಾಗುವುದಿಲ್ಲ. ವಯಸ್ಸಾಗಿದ್ದರೂ, ಕನ್ನಡಕ ಹಾಕುತ್ತಿದ್ದರೂ, ಪೊರೆ ತೆಗೆಸಿಕೊಂಡಿದ್ದರೂ, ಸಕ್ಕರೆ ಕಾಯಿಲೆಯಿದ್ದರೂ ಕಣ್ಣು ಕೊಡಬಹುದು. ಕೆಲವು ಸೋಂಕು ರೋಗಗಳಿದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಆದರೆ ಫೋನ್ ಮಾಡಬೇಕಾದವರು ಮನೆಯವರು, ಒಪ್ಪಿಗೆಗೆ ಸಹಿ ಹಾಕಬೇಕಾದವರೂ ಅವರೇ. ದಾನಪತ್ರ ಬೀರುವಿನಲ್ಲಿ ಬಟ್ಟೆಯ ಅಡಿ ಇದ್ದು ಯಾರಿಗೂ ಗೊತ್ತಿಲ್ಲದಿದ್ದರೆ ಅದರಿಂದ ಏನೂ ಆಗದು. ಆದ್ದರಿಂದ ಗಂಡನಿಗೆ, ಹೆಂಡತಿಗೆ, ಬುದ್ಧಿ ತಿಳಿದ ಮಕ್ಕಳಿಗೆ ಈ ವಾರವೇ ಕೂತು ಹೇಳೋಣ. ಸಾವಿನ ಮಾತು ಅಶುಭವೆಂದು ಯಾರಾದರೂ ಎದ್ದು ಹೋದರೆ, ಮರುದಿನ ಮತ್ತೆ ಮೆಲ್ಲಗೆ ಎತ್ತೋಣ. ಹತ್ತಿರದ ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಅಡುಗೆಮನೆಯ ಗೋಡೆಯಲ್ಲಿ, ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕದಲ್ಲೇ ಬರೆದಿಡೋಣ.