ಐನೂರು ಚೀವರ, ಒಂದು ಸ್ವಿಚ್



*ಇಂದಿನ ಧಮ್ಮ ಚಿಂತನೆ: ಕೂಡಿಡುವುದು ಮತ್ತು ಕೊಡುವುದು*



ಕಳೆದ ಭಾನುವಾರ ತಣ್ಹಾ, ಅಂದರೆ ತೃಷ್ಣೆಯ ಬಗ್ಗೆ ಓದಿ ಮುಗಿಸಿದ ಮೇಲೆ ಬಳಗದ ಒಬ್ಬರು ನನ್ನನ್ನೇ ಕೇಳಿದರು: "ನಿಮ್ಮ ಮನೆ ಕಪಾಟಿನ ತುಂಬ ಹಳೇ ಕೀಬೋರ್ಡ್ ಜೋಡಿಸಿಟ್ಟಿದ್ದೀರಲ್ಲ, ಅದೂ ತೃಷ್ಣೆಯೇ ಅಲ್ಲವೇ?" ನ್ಯಾಯವಾದ ಪ್ರಶ್ನೆ. ಇದನ್ನು ನಾವೆಲ್ಲರೂ ನಮ್ಮ ನಮ್ಮ ಕಪಾಟಿಗೆ ಕೇಳಿಕೊಳ್ಳಬಹುದು.

ಮೊದಲು ಆ ಕೀಬೋರ್ಡುಗಳ ವಿಷಯ. ಡಿಟಿಪಿ ಅಂಗಡಿಯಲ್ಲಿ, ಟಿಕೆಟ್ ಕೌಂಟರಿನಲ್ಲಿ, ಕಚೇರಿಗಳಲ್ಲಿ "ಟಕ್ ಟಕ್" ಎಂದು ಜೋರಾಗಿ ಸದ್ದು ಮಾಡುವ ಕೀಬೋರ್ಡನ್ನು ನೀವು ಕೇಳಿಯೇ ಇರುತ್ತೀರಿ. ಟಿವಿಎಸ್ ಗೋಲ್ಡ್ ಅಂಥದ್ದು. ಸಾಮಾನ್ಯ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಅದು ಸೋತರೆ ಕೀಬೋರ್ಡೇ ಕಸಕ್ಕೆ. ಇದರಲ್ಲಿ ಹಾಗಲ್ಲ. ನೂರಕ್ಕೂ ಹೆಚ್ಚು ಕೀಗಳಲ್ಲಿ ಒಂದೊಂದಕ್ಕೂ ಒಂದೊಂದು ಸ್ವಿಚ್. ಹಳೆಯ ಗೋಲ್ಡ್‌ಗಳಲ್ಲಿ ಇರುವುದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್. ಒಳಗೆ ಒಂದು ಸ್ಪ್ರಿಂಗು, ಒಂದು ನೀಲಿ ಕಂಬ, ಅದಕ್ಕೆ ಬಿಳಿ ತೋಳು, ಎರಡು ತೆಳು ಲೋಹದ ಎಲೆ, ಇಷ್ಟೇ. ಒತ್ತಿದರೆ 4 ಮಿಲಿಮೀಟರ್ ಇಳಿಯುತ್ತದೆ. ಸುಮಾರು ಅರ್ಧ ದಾರಿಯಲ್ಲಿ ಬಿಳಿ ತೋಳು ಟಕ್ಕನೆ ಜಾರುತ್ತದೆ, ಲೋಹದ ಎಲೆಗಳು ಕೂಡುತ್ತವೆ, ಅಕ್ಷರ ಮೂಡುತ್ತದೆ. ಒಂದು ಸ್ವಿಚ್ 5 ಕೋಟಿ ಸಲ ಒತ್ತಿದರೂ ತಾಳುತ್ತದೆ ಎಂಬುದು ಕಂಪನಿಯ ಲೆಕ್ಕ.

ಆದರೆ ನಮ್ಮ ಚಳ್ಳಕೆರೆಯ ಗಾಳಿ, ಧೂಳು ಆ ಲೆಕ್ಕದಲ್ಲಿ ಇಲ್ಲ. ನಾನು ಬಿಚ್ಚಿದ ಕೀಬೋರ್ಡುಗಳಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿದೆ, ಮೊಳಕಾಲ್ಮೂರಿನಿಂದ ಬಂದವುಗಳಲ್ಲಿ ರೇಷ್ಮೆ ಎಳೆ ಸಿಕ್ಕಿದೆ. ಕೀ ಟೊಪ್ಪಿಗೆಗಳನ್ನು ಕಿತ್ತು ಸೋಪಿನ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸುತ್ತೇನೆ. ಬ್ರಷ್‌ನಿಂದ ಧೂಳು ತೆಗೆಯುತ್ತೇನೆ. ಅಷ್ಟಕ್ಕೂ ಸರಿಹೋಗದ ಸ್ವಿಚ್ ಇದ್ದರೆ ಅದರ ಎರಡು ಕಾಲಿನ ಬೆಸುಗೆ ಕರಗಿಸಿ ಹೊರತೆಗೆದು ಬೇರೆಯದನ್ನು ಕೂರಿಸುತ್ತೇನೆ. ಮೊಳಕಾಲ್ಮೂರಿನ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಎಳೆ ಹರಿದರೆ ಗಂಟು ಹಾಕಿ ಮುಂದೆ ನೇಯುತ್ತಾರೆಯೇ ಹೊರತು ಯಾರೂ ಮಗ್ಗ ಎಸೆಯುವುದಿಲ್ಲ.

ಈಗ ವಿನಯಪಿಟಕದ ಒಂದು ಪ್ರಸಂಗ ಕೇಳಿ. ಕೋಸಂಬಿಯ ಉದೇನ ರಾಜನ ರಾಣಿಯರು ಆನಂದ ಭಂತೆಯವರಿಗೆ ಐನೂರು ಚೀವರಗಳನ್ನು ದಾನ ಕೊಟ್ಟರು. ರಾಜನಿಗೆ ಅಸಮಾಧಾನ. ಒಬ್ಬ ಭಿಕ್ಷುವಿಗೆ ಇಷ್ಟೊಂದು ಬಟ್ಟೆ ಏಕೆ, ಇವರೇನು ಅಂಗಡಿ ಇಡುತ್ತಾರೆಯೇ ಎಂದುಕೊಂಡ. ನೇರವಾಗಿ ಹೋಗಿ ಕೇಳಿಯೇ ಬಿಟ್ಟ. ಚೀವರ ಹರಿದುಹೋಗಿರುವ ಭಿಕ್ಷುಗಳಿಗೆ ಹಂಚುತ್ತೇನೆ ಎಂದರು ಆನಂದರು. ಹಾಗಾದರೆ ಅವರ ಹಳೆಯವು? ಹಾಸಿಗೆಯ ಮೇಲುಹೊದಿಕೆಗೆ. ಅದೂ ಹಳೆಯದಾದರೆ? ಮೆತ್ತೆಯ ಗವಸಿಗೆ. ಆಮೇಲೆ ನೆಲಹಾಸಿಗೆ, ಆಮೇಲೆ ಕಾಲೊರೆಸಲು, ಆಮೇಲೆ ಧೂಳು ಹೊಡೆಯಲು. ಕೊನೆಗೆ ಆ ಚಿಂದಿಯನ್ನೂ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸಲು. ಏನೂ ವ್ಯರ್ಥವಾಗದು ಎಂದು ತಿಳಿದ ರಾಜ ಸಂತೋಷಪಟ್ಟು ಇನ್ನೂ ಐನೂರು ಕೊಟ್ಟ.

ಇಲ್ಲಿ ಗಮನಿಸಿ. ಐನೂರು ಎಂಬ ಸಂಖ್ಯೆ ತಪ್ಪೂ ಅಲ್ಲ, ಸರಿಯೂ ಅಲ್ಲ. ರಾಜ ಎಣಿಕೆ ನೋಡಿದ, ಆನಂದರು ಅದು ಹರಿದುಹೋಗುವ ದಾರಿ ತೋರಿಸಿದರು. ವಸ್ತು ನಮ್ಮಲ್ಲಿ ನಿಂತರೆ ಅದು ತೃಷ್ಣೆ. ನಮ್ಮ ಮೂಲಕ ಹಾದುಹೋದರೆ ಅದು ದಾನ.

ಹೇಳುವುದು ಸುಲಭ. ನನಗೆ ಇದರ ಪರೀಕ್ಷೆ ಬಂದದ್ದು ಒಂದು ಎಫ್ ಕೀ ರೂಪದಲ್ಲಿ.

ಮೊಳಕಾಲ್ಮೂರಿನಲ್ಲಿ ಜನರಿಗೆ ಅರ್ಜಿ ಟೈಪ್ ಮಾಡಿಕೊಡುವ ಒಬ್ಬ ಅಕ್ಕ ಇದ್ದಾರೆ. ಅವರ ಕೀಬೋರ್ಡಿನ ಎಫ್ ಸ್ವಿಚ್ ಸತ್ತುಹೋಗಿತ್ತು. ಒಂದೇ ಕೀ ತಾನೇ ಎನ್ನಬೇಡಿ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವು ಬಳಸುವ ವಿನ್ಯಾಸದಲ್ಲಿ ಎಫ್ ಎಂದರೆ ಒತ್ತಕ್ಷರ ಜೋಡಿಸುವ ಕೀ. ಳ, ಎಫ್, ಳ ಒತ್ತಿದರೆ ಳ್ಳ. ಅದು ಕೆಟ್ಟರೆ ಚಳ್ಳಕೆರೆ "ಚಳಳಕೆರೆ" ಆಗುತ್ತದೆ, ಮೊಳಕಾಲ್ಮೂರು "ಮೊಳಕಾಲಮೂರು" ಆಗುತ್ತದೆ. ನಮ್ಮ ಕಡೆ ಬೀದಿಗೊಬ್ಬರಿರುವ ತಿಪ್ಪೇಸ್ವಾಮಿ "ತಿಪಪೇಸವಾಮಿ" ಆಗುತ್ತಾರೆ. ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ಹೆಸರು ಹೀಗಾದರೆ ಆ ಅಜ್ಜ ಮತ್ತೆ ಬಸ್ಸು ಹತ್ತಿ ಬರಬೇಕು. ಬುದ್ಧ ಎಂದು ಬರೆಯಲೂ ಎಫ್ ಬೇಕು, ಧಮ್ಮ ಎಂದು ಬರೆಯಲೂ ಬೇಕು. ತನಗೆಂದು ಒಂದು ಅಕ್ಷರವಿಲ್ಲ, ಎರಡನ್ನು ಕೂಡಿಸುವುದೇ ಅದರ ಬಾಳು.

ಯಾರೂ ಮುಟ್ಟದ ಸ್ಕ್ರಾಲ್ ಲಾಕ್ ಕೀಯ ಸ್ವಿಚ್ ಕಿತ್ತು ಹಾಕೋಣವೆಂದರೆ ಅದನ್ನು ಹಿಂದೆಯೇ ಬೇರೆ ಕೀಗೆ ಹಾಕಿಯಾಗಿತ್ತು. ನನ್ನ ಬಿಡಿ ಸ್ವಿಚ್‌ಗಳೂ ಮುಗಿದಿದ್ದವು. ಉಳಿದಿದ್ದದ್ದು ಕಪಾಟಿನ ಮೇಲಿನ, ಒಮ್ಮೆಯೂ ಬಳಸದ, ಥರ್ಮೋಕೋಲ್ ಸಮೇತ ಇದ್ದ ಗೋಲ್ಡ್. ಸಂಗ್ರಹ ಮಾಡುವವರಿಗೆ ಅಂಥದ್ದು ಕಣ್ಣಿನ ಗೊಂಬೆ. ಆಗ ಮನಸ್ಸು ಎಷ್ಟು ಚುರುಕಾಗಿ ಓಡಿತು ನೋಡಬೇಕಿತ್ತು! ಬೆಂಗಳೂರಿನಿಂದ ತರಿಸೋಣ, ಮುಂದಿನ ವಾರ ನೋಡೋಣ, ಇಂಥದ್ದು ಮತ್ತೆ ಸಿಗುವುದಿಲ್ಲ. ಉಸಿರನ್ನು ಗಮನಿಸುತ್ತ ಹತ್ತು ನಿಮಿಷ ಕೂತೆ. ಆ ನೆಪಗಳೆಲ್ಲ ಒಂದೊಂದಾಗಿ ಬಂದು ಹೋದವು. ಆಮೇಲೆ ಬೆಸುಗೆ ಕಡ್ಡಿ ಬಿಸಿಗಿಟ್ಟೆ.

ಇಡೀ ಕೀಬೋರ್ಡನ್ನೇ ಏಕೆ ಕೊಡಲಿಲ್ಲ ಎಂದು ಕೇಳಬಹುದು. ಇಡಿಯಾಗಿ ಕೊಟ್ಟರೆ ಒಂದು ಅಂಗಡಿಗೆ ಆಗುತ್ತದೆ. ಬಿಡಿಸಿದರೆ ಎರಡೂ ತಾಲ್ಲೂಕಿನ ಅಂಗಡಿಗಳಿಗೆ ವರ್ಷಗಟ್ಟಲೆ ಆಗುತ್ತದೆ. ಈಗ ಅದು ಹಲ್ಲುದುರಿದ ಬಾಯಿಯಂತೆ ಕೂತಿದೆ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಅದರ ಸ್ವಿಚ್‌ಗಳು ದಿನವೂ ಯಾರದೋ ಹೆಸರನ್ನು ಸರಿಯಾಗಿ ಬರೆಯುತ್ತಿವೆ.

ಹೆಸರು ಸರಿಯಾಗಿ ಬರೆಯುವುದು ಸಣ್ಣ ಕೆಲಸವಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಇದೆಯಲ್ಲ, ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ. ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ವಾಯವ್ಯದ ಲಿಪಿಯಲ್ಲಿ ಬರೆದಿದ್ದಾನೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ ಎಂಬ ಮಾತು ನಮ್ಮ ನಾಡಿಗೆ ಮುಟ್ಟಿದ್ದು ಅಂಥ ಲಿಪಿಕಾರನ ಕೈಯಿಂದ. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಫಲ ಪಡೆಯಬಲ್ಲರು ಎಂದೂ ಆ ಬಂಡೆ ಹೇಳುತ್ತದೆ. ಅರ್ಜಿ ಬರೆಯುವ ಅಕ್ಕನೂ ಲಿಪಿಕಾರರೇ.

ತೃಷ್ಣೆ ಪೂರ್ತಿ ಹೋಯಿತೇ? ಕಪಾಟಿನಲ್ಲಿ ಇನ್ನೂ ಎರಡು ಮುಟ್ಟದ ಪೆಟ್ಟಿಗೆಗಳಿವೆ. ಅವನ್ನು ನೋಡಿದಾಗ ಮನಸ್ಸು ಈಗಲೂ "ನನ್ನದು" ಎನ್ನುತ್ತದೆ. ಹಾಗೆ ಎಂದಾಗ ಕೇಳಿಸಿಕೊಳ್ಳುವುದೇ ನನ್ನ ಸಾಧನೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ ಜೋಪಾನವಾಗಿಟ್ಟ ಒಂದು ವಸ್ತುವನ್ನು ಕೈಗೆತ್ತಿಕೊಳ್ಳಿ. ಮೂರು ಪ್ರಶ್ನೆ ಕೇಳಿ. ಇದು ಯಾರಿಗಾಗಿ ಕಾಯುತ್ತಿದೆ? ರಿಪೇರಿಯಾದರೆ ಯಾರ ಕೆಲಸಕ್ಕೆ ಬಂದೀತು? ಇಡಿಯಾಗಿ ಅಲ್ಲದಿದ್ದರೆ ಬಿಡಿಯಾಗಿಯಾದರೂ ಕೊಡಬಹುದೇ? ಉತ್ತರ ಬಂದ ಕೂಡಲೇ ಏಳಬೇಡಿ. ಮನಸ್ಸು ಹೇಳುವ ನೆಪಗಳನ್ನು ಮೊದಲು ಪೂರ್ತಿ ಕೇಳಿ. ಆಮೇಲೆ ಏಳಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🪷